ಐದು ತಿಂಗಳ ಅಂತರದ ತಂಗಿ

ಅಪ್ಪ ಜಪಾನಿನಿಂದ ಕಳುಹಿಸಿದ ಆ ನಕ್ಷೆಯಲ್ಲಿದ್ದ ಒಂದಕ್ಷರವೂ ನಮಗೆ ಓದಲು ಬರುತ್ತಿರಲಿಲ್ಲ. ಆದರೂ ಅದನ್ನು ನೋಡಿದಷ್ಟು ಹೊತ್ತು ಸಮಾಜದ ಪುಸ್ತಕ ನೋಡಿದ್ದರೆ ನಾನೂ ತಂಗಿಯೂ ಕ್ಲಾಸಿಗೇ ಮೊದಲು ಬರುತ್ತಿದ್ದೆವು. ಟೋಕಿಯೊ ಪಕ್ಕದಲ್ಲಿ ಹೊಸದಾಗಿ ತೆರೆದಿದ್ದ ಒಂದು ದೊಡ್ಡ ಆಟದ ಊರಿನ ನಕ್ಷೆ ಅದು. ನಡುವೆ ಕೋಟೆ, ಪಕ್ಕದಲ್ಲಿ ಕೆರೆ, ಕೆರೆಯಲ್ಲಿ ದೋಣಿ, ಗುಡ್ಡದ ಹೊಟ್ಟೆಯೊಳಗೆ ನುಗ್ಗುವ ರೈಲು, ಮಕ್ಕಳನ್ನು ಕೂರಿಸಿಕೊಂಡು ಗಿರಗಿರ ತಿರುಗುವ ಟೀ ಕಪ್ಪುಗಳು.

ಎಂಬತ್ತರ ದಶಕದ ನಡುಭಾಗ ಅದು. ನಮ್ಮ ಮನೆ ಇದ್ದದ್ದು ಜಯನಗರದಲ್ಲಿ. ಅಪ್ಪನನ್ನು ಅವರ ಕಾರ್ಖಾನೆಯವರು ಒಂದು ವರ್ಷದ ತರಬೇತಿಗೆಂದು ಜಪಾನಿಗೆ ಕಳುಹಿಸಿದ್ದರು. ತರಬೇತಿಗೆ ಬಂದವರ ಹೆಂಡತಿ ಮಕ್ಕಳು ಬೇಸಿಗೆ ರಜೆಯಲ್ಲಿ ಎರಡು ವಾರ ಬಂದು ಹೋಗಬಹುದು, ವಿಮಾನದ ಟಿಕೆಟ್ ಅಲ್ಲಿನ ಕಂಪನಿಯದೇ ಎಂದು ಅಪ್ಪ ಬರೆದಿದ್ದರು. ಒಂದೇ ಷರತ್ತು: ಮಾರ್ಚ್ ಮುಗಿಯುವುದರೊಳಗೆ ಅಮ್ಮನ ಪಾಸ್‌ಪೋರ್ಟಿನ ನಂಬರು ಅವರ ಕೈ ಸೇರಬೇಕು. ಆಗ ಮಕ್ಕಳಿಗೆ ಬೇರೆ ಪಾಸ್‌ಪೋರ್ಟ್ ಬೇಕಿರಲಿಲ್ಲ, ಅಮ್ಮನ ಪಾಸ್‌ಪೋರ್ಟಿನಲ್ಲೇ ಹೆಸರು ಬರೆಸಿದರೆ ಸಾಕಿತ್ತು. ಕಾಗದ ಬಂದಾಗ ಜನವರಿ ಅರ್ಧ ಕಳೆದಿತ್ತು.

ನಾನಂತೂ ಆಗಲೇ ಹೊರಟೇ ಬಿಟ್ಟಿದ್ದೆ. ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಎಂಟು ಗಂಟೆಯಿಂದ ಸಂಜೆವರೆಗಿನ ವೇಳಾಪಟ್ಟಿ ಹಾಕಿದ್ದೆ. ಮೊದಲು ಗುಡ್ಡದ ರೈಲು, ಆಮೇಲೆ ಮತ್ತೆ ಗುಡ್ಡದ ರೈಲು, ಆಮೇಲೆ ಕೋಟೆ. ತಂಗಿಗೆ ಟೀ ಕಪ್ಪಿನಲ್ಲಿ ಕೂರಬೇಕು ಅನ್ನುವುದೊಂದೇ ಆಸೆ. ಪಾಪ ಅಂತ ಮಧ್ಯಾಹ್ನ ಅವಳಿಗೆ ಕಾಲು ಗಂಟೆ ದಾನ ಮಾಡಿದ್ದೆ. ಜಪಾನಿ ಅಕ್ಷರಗಳನ್ನು ನಾನೇ ಅವಳಿಗೆ ಓದಿ ಹೇಳುತ್ತಿದ್ದೆ. "ಇಲ್ಲಿ ಬರೆದಿದೆ ನೋಡು, ಹುಡುಗೀರು ಈ ರೈಲು ಹತ್ತಬಾರದು ಅಂತ" ಎಂದರೆ ಕತ್ತು ಬಗ್ಗಿಸಿ ಆ ಅಕ್ಷರಗಳನ್ನು ನೋಡಿ, "ಹೌದಾ? ಸರಿ, ನೀನು ಹೋಗ್ಬಾ, ನಾನು ಕೆಳಗೆ ನಿಂತ್ಕೊಂಡು ನೋಡ್ತೀನಿ" ಅನ್ನುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ನಂಬುವ ಹುಡುಗಿ. ಅವಳನ್ನು ಆಟ ಆಡಿಸುವುದರಲ್ಲಿ ನನಗೊಂದು ಕೆಟ್ಟ ಖುಷಿ ಇತ್ತು.

ನಾವಿಬ್ಬರೂ ಒಂದೇ ಕ್ಲಾಸು, ಐದನೆಯದು. ಅವಳು ನನಗಿಂತ ಒಂದೂವರೆ ವರ್ಷ ಚಿಕ್ಕವಳು. ಆದರೆ ನನ್ನನ್ನು ಶಾಲೆಗೆ ಸೇರಿಸಲು ಹೊರಟ ತಾತ ಅವಳನ್ನೂ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೋಗಿದ್ದರು. ಒಂದೇ ದಾರಿ, ಒಂದೇ ಸಲ ಓಡಾಟ, ಒಂದೇ ಪುಸ್ತಕದಲ್ಲಿ ಇಬ್ಬರೂ ಓದಿಕೊಳ್ಳಲಿ ಎಂಬುದು ಅವರ ಲೆಕ್ಕಾಚಾರ. ಸಾವಿರ ಸುಳ್ಳು ಹೇಳಿ ಮದುವೆ ಮಾಡಬಹುದಾದರೆ ಒಂದು ಸುಳ್ಳು ಹೇಳಿ ಸ್ಕೂಲಿಗೆ ಸೇರಿಸಿದರೇನು ಎಂದು ಆಮೇಲೂ ನಗುತ್ತಿದ್ದರಂತೆ. ನಾನು ಆಸ್ಪತ್ರೆಯಲ್ಲಿ ಹುಟ್ಟಿದವನು, ನನ್ನದು ಸರ್ಟಿಫಿಕೇಟಿನ ಪ್ರಕಾರ ಮಾರ್ಚ್. ತಂಗಿ ಹುಟ್ಟಿದ್ದು ಸುಬ್ರಹ್ಮಣ್ಯಪುರದಲ್ಲಿ, ಅಮ್ಮನ ತವರುಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಆಗ ಅದು ಹಳ್ಳಿ. ಯಾವ ಕಚೇರಿಯಲ್ಲೂ ಯಾರೂ ಅವಳ ಜನನ ಬರೆಸಿರಲಿಲ್ಲ. ಹೆಡ್‌ಮಾಸ್ಟರು ಒಂದನೇ ಕ್ಲಾಸಿಗೆ ಬೇಕಾದ ಕನಿಷ್ಠ ವಯಸ್ಸನ್ನು ಹಿಂದಕ್ಕೆ ಎಣಿಸಿ ಅವಳಿಗೊಂದು ಆಗಸ್ಟ್ ತಿಂಗಳು ಕೊಟ್ಟರು. ಆ ಕಾಲದಲ್ಲಿ ಅರ್ಧ ಊರಿನ ಮಕ್ಕಳು ಹೀಗೆ ಹೆಡ್‌ಮಾಸ್ಟರ ಬೆರಳಿನ ಮೇಲೆ ಹುಟ್ಟಿದವರೇ. ರಿಜಿಸ್ಟರಿನಲ್ಲಿ ನಮ್ಮಿಬ್ಬರ ಸಾಲುಗಳನ್ನೂ ಒಟ್ಟಿಗೆ ನೋಡಬೇಕು ಎಂದು ತಾತನಿಗೂ ಹೊಳೆಯಲಿಲ್ಲ, ಹೆಡ್‌ಮಾಸ್ಟರಿಗೂ ಹೊಳೆಯಲಿಲ್ಲ.

ಹೊಳೆದದ್ದು ಜಯನಗರದ ಶಾಪಿಂಗ್ ಕಾಂಪ್ಲೆಕ್ಸ್ ಹತ್ತಿರ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಟೈಪಿಸ್ಟಿಗೆ. ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಪಾಸ್‌ಪೋರ್ಟ್ ಫಾರ್ಮು ತುಂಬಿಸಲು ಹೋಗಿದ್ದಳು. ಮಕ್ಕಳ ಹುಟ್ಟಿದ ತಾರೀಖುಗಳನ್ನು ಒಂದರ ಕೆಳಗೊಂದು ಹೊಡೆದವನು ಕೈ ನಿಲ್ಲಿಸಿದ.

"ಮೇಡಂ, ಮಾರ್ಚಲ್ಲಿ ಒಂದು, ಅದೇ ವರ್ಷ ಆಗಸ್ಟಲ್ಲಿ ಇನ್ನೊಂದು. ಇದು ಹೆಂಗೆ ಮೇಡಂ?"

ಸಾಲಿನಲ್ಲಿ ನಿಂತಿದ್ದವನೊಬ್ಬ ಕಿಸಕ್ಕೆಂದ. ಅಮ್ಮನ ಕಿವಿ ಕೆಂಪಾಯಿತು. ಟೈಪಿಸ್ಟು ಒಳ್ಳೆಯವನೇ. ದನಿ ತಗ್ಗಿಸಿ, "ಹುಡುಗೀನ ಸಾಕುಮಗಳು ಅಂತ ಹಾಕ್ಬಿಡ್ಲಾ? ಒಂದು ಅಫಿಡವಿಟ್ ಮಾಡ್ಸಿದ್ರೆ ಆಯ್ತು, ಕೆಲಸ ಸಲೀಸು" ಎಂದ.

"ಇರೋ ಹಾಗೇ ಹೊಡೀರಿ" ಎಂದಳು ಅಮ್ಮ.

ಮನೆಗೆ ಬರುವಾಗ ತಂಗಿ, "ಐದು ತಿಂಗಳಾದ್ರೆ ಏನಮ್ಮಾ?" ಎಂದು ಕೇಳಿದಳು. "ಏನಿಲ್ಲ, ಬೇಗ ಬೇಗ ನಡಿ" ಅನ್ನುವುದೇ ಉತ್ತರ. ನಮ್ಮ ಮನೆಯಲ್ಲಿ ಮಕ್ಕಳಿಗೆ ಕಾರಣ ಹೇಳುವ ಪದ್ಧತಿ ಇರಲಿಲ್ಲ. ಅವಳ ಹುಟ್ಟುಹಬ್ಬವನ್ನು ಮನೆಯಲ್ಲಿ ಗೌರಿ ಹಬ್ಬದ ಆಸುಪಾಸಿನಲ್ಲಿ, ನಕ್ಷತ್ರ ನೋಡಿ ಮಾಡುತ್ತಿದ್ದರು. ಅದು ಶಾಲೆಯ ಆಗಸ್ಟಿಗೆ ಹೇಗೋ ಹೊಂದಿಕೊಂಡು ಹೋಗುತ್ತಿತ್ತು, ವರ್ಷ ಯಾವುದು ಎಂದು ಅವಳು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ಮರುದಿನ ಅಮ್ಮ ಹೆಡ್‌ಮಾಸ್ಟರ ಬಳಿಗೆ ನನ್ನೊಬ್ಬನನ್ನೇ ಜೊತೆಗೆ ಕರೆದುಕೊಂಡು ಹೋದಳು. ತಾತ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ನಡೆದದ್ದನ್ನೆಲ್ಲ ಅವಳು ಹೆಡ್‌ಮಾಸ್ಟರಿಗೆ ಹೇಳಿದಳು, ಪಕ್ಕದಲ್ಲಿ ನಿಂತಿದ್ದ ನನಗೂ ಎಲ್ಲ ಅರ್ಥವಾಯಿತು.

"ರಿಜಿಸ್ಟರ್ ತಿದ್ದೋಕೆ ನನಗೆ ಅಧಿಕಾರ ಇಲ್ಲಮ್ಮಾ. ಕೋರ್ಟಿಂದ ಆರ್ಡರ್ ತನ್ನಿ."

"ಅವಳ ಜಾತಕ ಇದೆ ಸಾರ್. ಗಳಿಗೆ ಸಮೇತ ಬರೆದಿದೆ."

"ಜಾತಕ ಮದುವೆಗಾಗತ್ತಮ್ಮಾ, ಪಾಸ್‌ಪೋರ್ಟಿಗಾಗಲ್ಲ."

ಕೋರ್ಟಿನ ಆರ್ಡರಿಗೆ ಆರು ತಿಂಗಳಾದರೂ ಬೇಕು ಎಂದು ಎದುರುಮನೆಯ ಅಂಕಲ್ ಹೇಳಿದರು. ಅವರು ರಿಟೈರಾದ ಗುಮಾಸ್ತರು, ಇಂಥ ವಿಷಯ ತಿಳಿದವರು. ಕೊನೆಗೆ ಅಮ್ಮ ಫಾರ್ಮನ್ನು ಇದ್ದ ಹಾಗೇ ಕೊಟ್ಟು ಬಂದಳು. ಯಾರ ಕಣ್ಣಿಗೂ ಬೀಳದಿದ್ದರೆ ಸಾಕು ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಇನ್ನು ಪೊಲೀಸಿನವರು ಮನೆಗೆ ಬಂದು ವಿಚಾರಿಸುವುದು ಬಾಕಿ.

ಫೆಬ್ರವರಿ ಪೂರ್ತಿ ಹೀಗೇ ಕಾಯುವುದರಲ್ಲಿ ಹೋಯಿತು. ಗೇಟು ಸದ್ದಾದರೆ ಅಮ್ಮ ಒಗ್ಗರಣೆ ಸೌಟನ್ನು ಕೈಯಲ್ಲಿ ಹಿಡಿದೇ ಹೊರಗೆ ಬರುತ್ತಿದ್ದಳು. ಅನ್ನ ತಳ ಹಿಡಿಯುತ್ತಿತ್ತು. ಅಪ್ಪನ ಕಾಗದಗಳು ಮಾತ್ರ ಏನೂ ಅರಿಯದೆ ಬರುತ್ತಿದ್ದವು: ಸ್ವೆಟರ್ ತನ್ನಿ, ಉಪ್ಪಿನಕಾಯಿ ತನ್ನಿ, ಮಕ್ಕಳಿಗೆ ಒಳ್ಳೆಯ ಬೂಟು ಕೊಡಿಸು, ಆ ಆಟದ ಊರಿನಲ್ಲಿ ದಿನವಿಡೀ ನಡೆಯಬೇಕಾಗುತ್ತದೆ. ನನ್ನ ಒಳಗೆ ಒಂದು ಸಿಟ್ಟು ಬೆಳೆಯುತ್ತಿತ್ತು, ಅದೂ ತಂಗಿಯ ಮೇಲೆ. ಇವಳು ಇಲ್ಲದಿದ್ದರೆ ನನ್ನ ಪ್ರಯಾಣಕ್ಕೆ ಯಾವ ಅಡ್ಡಿಯೂ ಇರಲಿಲ್ಲ ಎಂದು ಹಾಸಿಗೆಯಲ್ಲಿ ಮಲಗಿ ಯೋಚಿಸುತ್ತಿದ್ದೆ. ಈಗ ಬರೆಯಲು ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ. ಅವಳು ನನ್ನ ಪಕ್ಕದಲ್ಲೇ ನಕ್ಷೆ ಹರಡಿಕೊಂಡು, "ಈ ಕಪ್ಪಿನಲ್ಲಿ ಅಮ್ಮಾನೂ ಹಿಡಿಸ್ತಾಳಾ?" ಎಂದು ಕೇಳುತ್ತಿದ್ದಳು.

ಪೊಲೀಸಿನವರು ಬಂದದ್ದು ಮಾರ್ಚಿನ ಮೊದಲ ಶನಿವಾರ. ನಮಗೆ ಬೆಳಗಿನ ಸ್ಕೂಲು, ಊಟ ಆಗಿತ್ತು. ವಯಸ್ಸಾದ ಕಾನ್‌ಸ್ಟೇಬಲ್, ಸೈಕಲ್ಲನ್ನು ಕಾಂಪೌಂಡಿಗೆ ಒರಗಿಸಿ ಒಳಗೆ ಬಂದರು. ಬೆತ್ತದ ಕುರ್ಚಿಯಲ್ಲಿ ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸಾಕ್ಷಿ ಹಾಕಲು ಎದುರುಮನೆಯ ಅಂಕಲ್ ಬಂದರು. ಕಾಫಿ ಆಯಿತು. ಎಷ್ಟು ವರ್ಷದಿಂದ ಇದೇ ಮನೆ, ಯಜಮಾನರು ಎಲ್ಲಿ, ಏನು ಕೆಲಸ ಎಂದು ಕೇಳಿ ಕೇಳಿ ಬರೆದುಕೊಂಡರು. ಎಲ್ಲ ಸರಾಗವಾಗಿ ಸಾಗುತ್ತಿತ್ತು. ಹಾಳೆ ಮಡಿಸುವುದೊಂದೇ ಬಾಕಿ ಅಂದುಕೊಂಡೆ. ಆಗ ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

"ಹುಡುಗ ಮಾರ್ಚು. ಹುಡುಗಿ ಆಗಸ್ಟು. ವರ್ಷ ಒಂದೇ ಹಾಕಿದ್ದೀರಲ್ಲಮ್ಮಾ?"

ಅಂಕಲ್ ಕಾಫಿ ಲೋಟದೊಳಗೆ ನೋಡತೊಡಗಿದರು.

"ಟೈಪಿಂಗ್ ತಪ್ಪಾ?"

"ಇಲ್ಲ ಸಾರ್. ಸ್ಕೂಲ್ ಸರ್ಟಿಫಿಕೇಟಲ್ಲೂ ಹಾಗೇ ಇದೆ."

"ಮತ್ತೆ? ಐದು ತಿಂಗಳಿಗೆ ಇನ್ನೊಂದು ಹೆಂಗಮ್ಮಾ ಆಗತ್ತೆ? ಮೇಲಿನವರು ನನ್ನ ಕೇಳ್ತಾರೆ. ನಾನೇನು ಬರೀಲಿ?"

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರೂವರೆ ವಾರ ಉಳಿದಿತ್ತು. ಕೋಟೆ, ಕೆರೆ, ಗುಡ್ಡದ ರೈಲು ಎಲ್ಲ ಕೈ ಬಿಟ್ಟು ಹೋಗುತ್ತಿದೆ ಎಂದು ನನಗೆ ಅನಿಸಿತು. ಟೈಪಿಸ್ಟ್ ಹೇಳಿದ್ದು ನೆನಪಾಯಿತು, ಕೆಲಸ ಸಲೀಸು ಅಂತ. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.

"ಅವಳು ನಮ್ಮ ಸ್ವಂತ ತಂಗಿ ಅಲ್ಲ ಸಾರ್" ಎಂದೆ. "ನಮ್ಮ ಚಿಕ್ಕಮ್ಮನ ಮಗಳು. ಚಿಕ್ಕಮ್ಮ ತೀರ್ಕೊಂಡ್ರು. ಅದಕ್ಕೆ ಇಲ್ಲಿದಾಳೆ."

ನಮಗೆ ಚಿಕ್ಕಮ್ಮನೇ ಇರಲಿಲ್ಲ. ಅಮ್ಮ ತವರಿಗೆ ಒಬ್ಬಳೇ ಹೆಣ್ಣುಮಗಳು. ಅದು ನನಗೆ ಗೊತ್ತಿದ್ದ ವಿಷಯ. ಆದರೆ ಬಾಯಿಂದ ಬರುವಾಗ ಎಲ್ಲ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಕಾನ್‌ಸ್ಟೇಬಲ್ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ತಂಗಿ ಅಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದಳು. ಅವಳು ಯಾವಾಗ ಬಂದು ನಿಂತಳೋ ಗೊತ್ತಿಲ್ಲ.

"ಹೌದೇನಮ್ಮಾ?" ಎಂದರು.

ಅವಳು ಒಮ್ಮೆ ನನ್ನ ಮುಖ ನೋಡಿದಳು. "ಹೌದು ಸಾರ್" ಎಂದಳು.

ಕಾನ್‌ಸ್ಟೇಬಲ್ಲಿಗೆ ಹಗುರವಾಯಿತು. "ಅಷ್ಟೇ ತಾನೇ! ಇದನ್ನ ಮೊದ್ಲೇ ಹೇಳೋದಲ್ವಾ" ಎನ್ನುತ್ತ ಪೆನ್ನಿನ ಮುಚ್ಚಳ ತೆಗೆದರು. ನಾನು ಗೆದ್ದೆ ಅಂದುಕೊಂಡೆ. ಆ ಒಂದು ಕ್ಷಣ ನಾನು ನಿಜವಾಗಿ ಖುಷಿಪಟ್ಟೆ.

"ಬರೀಬೇಡಿ" ಎಂದಳು ಅಮ್ಮ.

ಅವಳು ಎದ್ದು ನಿಂತಿದ್ದಳು. ಪರರೆದುರು ಅಮ್ಮ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಇಬ್ರೂ ನನ್ನ ಹೊಟ್ಟೇಲಿ ಹುಟ್ಟಿದ ಮಕ್ಕಳು ಸಾರ್. ಸ್ಕೂಲಿಗೆ ಸೇರಿಸೋವಾಗ ಇವಳ ವಯಸ್ಸು ಜಾಸ್ತಿ ಬರೆಸಿದ್ವಿ. ತಪ್ಪು ನಮ್ಮದು. ಅದನ್ನೇ ಬರ್ಕೊಳ್ಳಿ."

"ಅಮ್ಮಾ, ಯೋಚನೆ ಮಾಡಿ. ಹಿಂಗೆ ಬರೆದ್ರೆ ಫಾರ್ಮು ವಾಪಸ್ ಬರತ್ತೆ. ನೀವು ಈ ವರ್ಷ ಹೋಗಕ್ಕಾಗಲ್ಲ. ಹುಡುಗ ಹೇಳಿದ ಹಾಗೆ ಹಾಕಿದ್ರೆ ನಾನೂ ಸಹಾಯ ಮಾಡಬಹುದು."

"ಬೇಡ ಸಾರ್. ನಾನು ಹೇಳಿದ್ದನ್ನ ಬರ್ಕೊಳ್ಳಿ."

ಅವರು ಬರೆದುಕೊಂಡರು. ಅಂಕಲ್ ಸಹಿ ಹಾಕಿ ಯಾರ ಮುಖವನ್ನೂ ನೋಡದೆ ಮನೆಗೆ ಹೋದರು. ಸೈಕಲ್ ತಿರುವಿನಲ್ಲಿ ಮರೆಯಾದ ಮೇಲೆ ಅಮ್ಮ ನನಗೆ ಹೊಡೆಯುತ್ತಾಳೆ ಎಂದು ಕಾದೆ. ಹೊಡೆಯಲಿಲ್ಲ, ಬೈಯಲೂ ಇಲ್ಲ. ಕಾಫಿ ಲೋಟ ತೊಳೆದಿಟ್ಟು, ಅಪ್ಪನಿಗೆ ಕಾಗದ ಬರೆಯಲು ಕೂತಳು. ಎರಡು ದಿನ ಅವಳು ನನ್ನ ಜೊತೆ ಊಟಕ್ಕೆ ಬಾ ಅನ್ನುವುದನ್ನು ಬಿಟ್ಟು ಬೇರೇನೂ ಮಾತಾಡಲಿಲ್ಲ. ಹೊಡೆದಿದ್ದರೇ ಚೆನ್ನಾಗಿತ್ತು.

ನಾನು ನೋಟ್‌ಬುಕ್ಕಿನ ವೇಳಾಪಟ್ಟಿಯನ್ನು ಹರಿದು ಹಾಕಿದೆ. ತಂಗಿ ಅಳಲಿಲ್ಲ. ನಕ್ಷೆಯನ್ನು ಮಡಿಸಿ ಎಲ್ಲೋ ಇಟ್ಟಳು. ಅನ್ನವನ್ನು ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದಳು. ಪ್ರಯಾಣ ತಪ್ಪಿದ್ದಕ್ಕೆ ಬೇಜಾರು ಎಂದು ಅಮ್ಮನೂ ತಿಳಿದಳು, ನಾನೂ ತಿಳಿದೆ. ನನ್ನ ಸುಳ್ಳಿಗೆ ಹೂಂಗುಟ್ಟಿದ್ದು ನನಗಾಗಿ, ಜೊತೆಗೆ ಅವಳಿಗೂ ಹೋಗುವ ಆಸೆ ಇದ್ದುದರಿಂದ ಎಂದು ನಾನು ನಂಬಿದ್ದೆ. ಒಳಗೊಳಗೇ ಅವಳ ಜಾಣತನವನ್ನು ಮೆಚ್ಚಿಕೊಂಡೂ ಇದ್ದೆ.

ಮಂಗಳವಾರ ಶಾಲೆಗೆ ಹೋಗುವ ದಾರಿಯಲ್ಲಿ, ಪಾರ್ಕಿನ ಕಂಬಿಬೇಲಿಯ ಪಕ್ಕ, ಅವಳು ನಿಂತಳು.

"ಒಂದು ಕೇಳ್ಲಾ? ಬೈಬಾರ್ದು."

"ಏನು?"

"ಆ ಚಿಕ್ಕಮ್ಮಂದು ಫೋಟೋ ಎಲ್ಲಾದ್ರೂ ಇದ್ಯಾ?"

ನನಗೆ ತಕ್ಷಣ ತಿಳಿಯಲಿಲ್ಲ. "ಯಾವ ಚಿಕ್ಕಮ್ಮ?"

"ತೀರ್ಕೊಂಡ್ರು ಅಂದ್ಯಲ್ಲ. ನನ್ನಮ್ಮ."

"ಅಯ್ಯೋ, ಅದು ಸುಳ್ಳು ಕಣೇ! ಪೊಲೀಸ್ನೋರಿಗೆ ಸುಮ್ನೆ ಹೇಳಿದ್ದು. ಅಮ್ಮಾನೇ ಹೇಳಿದ್ಲಲ್ಲ, ಇಬ್ರೂ ನನ್ನ ಮಕ್ಕಳು ಅಂತ. ಕೇಳಿಸ್ಲಿಲ್ವಾ?"

"ಕೇಳಿಸ್ತು" ಎಂದಳು. "ಅಮ್ಮ ಪಾಪ, ನಂಗೆ ಬೇಜಾರಾಗ್ಬಾರ್ದು ಅಂತ ಹಾಗಂದ್ಲು. ನಂಗೇನೂ ಬೇಜಾರಿಲ್ಲ. ಒಂದ್ಸಲ ನೋಡ್ತೀನಿ ಅಷ್ಟೇ."

ನಾನು ದೇವರಾಣೆ ಮಾಡಿದೆ. ತಾತನ ಮೇಲೆ ಆಣೆ ಇಟ್ಟೆ. ಹೆಡ್‌ಮಾಸ್ಟರ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಜೀವಮಾನದಲ್ಲಿ ಅಷ್ಟು ನಿಜವನ್ನು ಒಟ್ಟಿಗೆ ಅವಳಿಗೆ ಎಂದೂ ಹೇಳಿರಲಿಲ್ಲ. ಅವಳು ತಲೆಯಾಡಿಸಿ, "ಸರಿ, ಬೆಲ್ ಹೊಡೀತಾರೆ, ಬಾ" ಎಂದು ಮುಂದೆ ನಡೆದಳು.

ಸಂಜೆ ನಾನು ಆಟ ಮುಗಿಸಿ ಮನೆಗೆ ಬಂದಾಗ ಅವಳು ಕಿಟಕಿಯ ಬೆಳಕಿನಲ್ಲಿ ಅಮ್ಮನ ಮದುವೆಯ ಆಲ್ಬಮ್ ತೆರೆದುಕೊಂಡು ಕೂತಿದ್ದಳು. ಗಂಡಸರಿದ್ದ ಪುಟಗಳನ್ನು ಬೇಗ ಬೇಗ ಮಗುಚುತ್ತ, ಹೆಂಗಸರು ಸಾಲಾಗಿ ನಿಂತಿದ್ದ ಪುಟಗಳಲ್ಲಿ ಒಂದೊಂದೇ ಮುಖದ ಮೇಲೆ ಬೆರಳಿಟ್ಟು ನೋಡುತ್ತಿದ್ದಳು.