ಕಣ್ಣು ಮುಚ್ಚಿ ಗುಂಡು ಹಾರಿಸುವ ಕಾಶೀನಾಥ ಕಾಕಾ

ನಾನು ಗೃಹರಕ್ಷಕ ದಳ ಸೇರಿದ ವರ್ಷ, ರಾವೂರ ಹತ್ತಿರದ ಹಳೆಯ ಫರಸಿ ಕಲ್ಲಿನ ಖಣಿಯಲ್ಲಿ ನಡೆದ ಗುಂಡು ಹಾರಿಸುವ ತರಬೇತಿಯಲ್ಲಿ ಕಾಶೀನಾಥ ಕಾಕಾ ಅವರನ್ನು ಮೊದಲು ನೋಡಿದೆ. ಇಸ್ತ್ರಿ ಮಾಡಿದ ಖಾಕಿ ಕೆಡದಿರಲೆಂದು ಗೋಣಿಚೀಲದ ಮೇಲೆ ಟವೆಲ್ ಹಾಸಿ, ನನ್ನ ಪಕ್ಕದಲ್ಲೇ ಬೋರಲು ಮಲಗಿದ್ದರು. ಪ್ರತಿ ವರ್ಷವೂ ರೈಫಲ್ಲನ್ನು ಭುಜಕ್ಕೆ ಒತ್ತಿ ಹಿಡಿಯದೆ, ಎಳೆಗೂಸಿನಂತೆ ತೋಳಿನ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಟ್ರಿಗರ್ ಎಳೆಯುವ ಹೊತ್ತಿಗೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚುತ್ತಿದ್ದರು. ಗುಂಡು ಅವರ ಗುರಿಹಲಗೆಯೊಂದನ್ನು ಬಿಟ್ಟು ಉಳಿದವರ ಹಲಗೆಗೆಲ್ಲ ಹೋಗುತ್ತಿತ್ತು. ಒಮ್ಮೆ ನನ್ನ ಹಲಗೆಯಲ್ಲಿ ನಾನು ಹಾರಿಸಿದ್ದಕ್ಕಿಂತ ಹೆಚ್ಚು ತೂತುಗಳಿದ್ದವು. “ಇರ್ಲಿ ತಗೋ ತಂಗಿ, ಬಹುಮಾನ ಬಂದ್ರ ನನಗ ಚಾ ಕುಡಸು” ಎಂದು ನಕ್ಕರು. “ಕಣ್ಣ ತೆರೀರಿ ಕಾಕಾ!” ಎಂದು ತರಬೇತಿ ಕೊಡುವ ಹವಾಲ್ದಾರರು ಕೂಗಿದರೆ, “ಗುಂಡಿಗಿ ದಾರಿ ಗೊತ್ತದರಿ ಸಾಹೇಬ್ರ” ಎಂದು ಅವರನ್ನೂ ನಗಿಸುತ್ತಿದ್ದರು. ಹೋದ ವರ್ಷ ಮಾತ್ರ ಹವಾಲ್ದಾರರು ನಗಲಿಲ್ಲ. “ಈ ಸಲ ಒಂದೂ ಹತ್ತಲಿಲ್ಲಂದ್ರ ಖಾಕಿ ಬಿಚ್ಚಿಟ್ಟು ಮನಿಗಿ ಹೋಗ್ರಿ” ಎಂದರು. ಅವತ್ತೂ ಒಂದೂ ತಗುಲಲಿಲ್ಲ. ಕಾಕಾ ಎದ್ದು ಅಂಗಿಯ ಧೂಳನ್ನು ಮೆಲ್ಲಗೆ ಕೊಡವಿಕೊಂಡರು. “ಯಾಕ್ರಿ ಕಾಕಾ, ಕಣ್ಣ ಮುಚ್ತೀರಿ?” ಎಂದೆ. “ಸಣ್ಣಾವಿದ್ದಾಗಿಂದ ಖಣ್ಯಾಗ ದುಡದೀನಿ ತಂಗಿ. ಮದ್ದು ಸಿಡಿಯೋ ಮದ್ಲ ಕಣ್ಣ ಮುಚ್ಚಬೇಕು. ನಮ್ಮಪ್ಪ ಮುಚ್ಚಲಿಲ್ಲ, ಕಲ್ಲಿನ ಚೂರು ಬಡದು ಕಣ್ಣ ಹೋಯ್ತು. ಈಗ ಈ ರೆಪ್ಪಿ ನನ್ನ ಮಾತ ಕೇಳಂಗಿಲ್ಲ.” ಪಕ್ಕದಲ್ಲಿದ್ದ ಹವಾಲ್ದಾರರು, “ಮದ್ದು ಸಿಡಿಯೋ ಮದ್ಲ ಮಂದೀನ ದೂರ ಸರಸೂದು ಬರ್ತದಲ್ರಿ?” ಎಂದರು. “ಅದಾ? ಭಾಳ ಛಲೋ ಬರ್ತದರಿ!” ಈಗ ಕಾಕಾ ತರಬೇತಿಯ ದಿನ ಖಾಕಿ ತೊಟ್ಟು, ಖಣಿಯ ಅಂಚಿನಲ್ಲಿ ಕೆಂಪು ಬಾವುಟ ಹಿಡಿದು, ಜನ ದನ ಹತ್ತಿರ ಬರದಂತೆ ಕಾಯುತ್ತಾರೆ.