ಕಂಬಳಿ ತೆಗೆಯದ ಕಾಕಾ

ಹೊಸ ಕಂಬಳಿಯ ವಾಸನೆ ನಿಮಗೆ ಗೊತ್ತೇ? ಉಣ್ಣೆ, ಹುಣಸೆ ಬೀಜದ ಗಂಜಿ, ಜೊತೆಗೆ ಸ್ವಲ್ಪ ಕುರಿ. ಮೊನ್ನೆ ಬೀದರಿನ ನಮ್ಮ ಕಾಲೇಜಿನಲ್ಲಿ ಸೀಸರನ ಪಾಠ ಮುಗಿಸಿ ಹೊರಬಂದರೆ, ಕಾಕಾನ ಮಗ ಅಂಥದ್ದೊಂದು ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ಅಕ್ಕಾ, ಭಾತಂಬ್ರಾದಾಗ ಅಪ್ಪಂದು ಸತ್ಕಾರ ಅದರಿ. ಇದು ಅವರಿಗಿ ಹೊಚ್ಚಲಾಕ. ಅವರು ಹ್ಯಾಂಗ ಮ್ಯಾಲ ಬಂದ್ರು ಅಂತ ನೀವ ಮಾತಾಡ್ಬೇಕ್ರಿ."

ಮೈ ಉರಿಯಿತು. ಹೇಗೆ ಮೇಲೆ ಬಂದ ಎಂಬುದನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಲೇ ಇದ್ದೇನೆ, ಹೆಸರು ಮಾತ್ರ ಸೀಸರನದು.

ನಮ್ಮೂರು ಭಾತಂಬ್ರಾದ ಕುರಿಗಾರರಲ್ಲಿ ಗಾಯರಾಣದ, ಅಂದರೆ ಎಲ್ಲರ ಕುರಿ ಮೇಯುವ ಹುಲ್ಲುಗಾವಲಿನ ಉಸ್ತುವಾರಿಗೆ ಒಬ್ಬ ಮುಖ್ಯಸ್ಥ. ಪ್ರತಿವರ್ಷ ದೀಪಾವಳಿ ಮುಗಿದ ಮೇಲೆ ಅವನು ಹೆಗಲ ಕಂಬಳಿ ತೆಗೆದು ಸಭೆಯ ನಡುವೆ ಹಾಸಬೇಕು. ಜನ ಅದನ್ನೆತ್ತಿ ಬೇಕಾದವರಿಗೆ ಹೊದಿಸುತ್ತಾರೆ, ಹೊದ್ದವನೇ ಮುಂದಿನ ವರ್ಷದ ಮುಖ್ಯಸ್ಥ. ಅವನಿಗೇ ಹೊದಿಸಿದರೂ ಸರಿ, ತೆಗೆಯುವುದು ಮಾತ್ರ ತಪ್ಪದು. ರೋಮಿನಲ್ಲೂ ಹೀಗೇ ಇತ್ತು. ಗೆದ್ದು ಬಂದ ಸೇನಾಪತಿ ಗಡಿಯ ಹಳ್ಳ ದಾಟುವ ಮೊದಲು ದಂಡನ್ನು ಬಿಟ್ಟು ಬರಬೇಕು. ಸೀಸರ್ ದಂಡಿನ ಸಮೇತ ದಾಟಿದ. ಮೊದಲು ತಾತ್ಕಾಲಿಕ ಸರ್ವಾಧಿಕಾರಿ, ಆಮೇಲೆ ಹತ್ತು ವರ್ಷಕ್ಕೆ, ಕೊನೆಗೆ ಬದುಕಿರುವ ತನಕ.

ನಮ್ಮ ಕಾಕಾ ದಾಟಿದ ಹಳ್ಳ ಒಂದು ನಗೆಚಾಟಿಕೆ. ಆಗ ಅವನೇ ಮುಖ್ಯಸ್ಥ, ನಾನು ಲಂಗ ತೊಡುವ ವಯಸ್ಸಿನವಳು. ಅವನು ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಂಡು, "ಈ ವರ್ಷ ಥಂಡಿ ಭಾಳ ಅದರಿ, ಇರ್ಲಿ ಬಿಡ್ರಿ" ಎಂದ. ಸಭೆ ಗೊಳ್ಳೆಂದು ನಕ್ಕಿತು. ಅವನನ್ನು ಹೆತ್ತ ನಮ್ಮ ಅಜ್ಜಿ ಮಾತ್ರ ನಗಲಿಲ್ಲ. ಎದ್ದು ನಿಂತು, "ತೆಗಿ ಮಗಾ. ಆಮ್ಯಾಲ ನಾನೇ ಹೊಚ್ತೇನಿ, ಮೊದ್ಲ ತೆಗಿ" ಅಂದಳು. ಅರವತ್ತಕ್ಕೆ ಅರಳು ಮರಳು ಎಂದು ಮತ್ತಷ್ಟು ನಕ್ಕರು.

ಮರುವರ್ಷ ಯಾರೂ ಕೇಳಲಿಲ್ಲ. ಕೇಳದೆ ಕೇಳದೆ ಗಾಯರಾಣದ ಸುತ್ತ ಕಾಕಾನ ತಂತಿಬೇಲಿ ಬಂತು. ಮೇಯಿಸಲು ಜಾಗವಿಲ್ಲದೆ ಅಜ್ಜಿ ತನ್ನ ಕುರಿಗಳನ್ನು ಮಾರಲು ಔರಾದ್ ಸಂತೆಗೆ ಹೊಡೆದಳು. ಸೀಸರನಿಗೆ ಚೂರಿ ಹಾಕಿದವರ ಹೆಸರು ನನ್ನ ವಿದ್ಯಾರ್ಥಿಗಳಿಗೆ ಬಾಯಿಪಾಠ. ಆ ಚೂರಿಗಳಿಂದ ರೋಮಿಗೇನೂ ದಕ್ಕಲಿಲ್ಲ. ನನಗೆ ಸಿಟ್ಟಿರುವುದು ಮೊದಲ ದಿನ ನಕ್ಕವರ ಮೇಲೆ. ಈಗ ಬೇಲಿಯ ಹೊರಗೆ ನಿಂತು ಗೊಣಗುವವರೂ ಅವರೇ, ಸತ್ಕಾರ ಇಟ್ಟುಕೊಂಡವರೂ ಅವರೇ.

"ಬರ್ತೀರೇನ್ರಿ ಅಕ್ಕಾ?" ತಮ್ಮ ಕೇಳಿದ.

ಇಂಥ ಕರೆ ಬಂದಾಗಲೆಲ್ಲ ಪರೀಕ್ಷೆ, ಪೇಪರು ಅಂತ ನನಗೊಂದು ನೆಪ ಸಿಗುತ್ತಿತ್ತು. ಈ ಸಲ ಹುಡುಕುವ ಮನಸ್ಸಾಗಲಿಲ್ಲ.

"ಬರ್ತೇನಿ. ಆದ್ರ ನಿಮ್ಮಪ್ಪ ಹಳೀ ಕಂಬಳಿನೇ ಹೊತ್ಕೊಂಡು ಬರ್ಬೇಕು."

"ಯಾಕ್ರಿ?"

"ಮಂದಿ ಮುಂದ ತೆಗಸಲಾಕ. ಆಮ್ಯಾಲ ಬೇಲಿನೂ."