ಎರಡು ಕೆಂಪು ಮೀನು

ನಿಂಗರಾಜುವಿನ ಮನೆಯ ಏಂಜೆಲ್ ಮೀನುಗಳು ಸತ್ತದ್ದು ಅವನ ಹೆಂಡತಿ ರೂಪಳ ಕೈತಪ್ಪಿನಿಂದಲ್ಲ. ನನ್ನಿಂದ. ಗೊತ್ತಿದ್ದೇ ಮಾಡಿದೆ. ಮಾಡಿದ ಮೇಲೆ ಅವಳ ತಲೆಗೆ ಕಟ್ಟಿದೆ. ಆಮೇಲೆ ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಹೆಸರು ಪುಟ್ಟಸ್ವಾಮಿ. ಇಲ್ಲಿ ಯಾರ ಹೆಸರನ್ನೂ ಬದಲಿಸಿಲ್ಲ — ಬದಲಿಸಬೇಡ ಎಂದು ರೂಪಳೇ ಹೇಳಿದ್ದಾಳೆ.

ಮೀನು ಸತ್ತದ್ದಕ್ಕೆ ಇಷ್ಟೊಂದು ಯಾಕೆ ಅನ್ನಬಹುದು. ನಾನೂ ಹಾಗೇ ಅಂದುಕೊಂಡು ದಿನ ದೂಡಿದವನು.

ನಿಂಗರಾಜು ನನ್ನ ಜೊತೆ ಓದಿದವನು. ಮಂಡ್ಯದಲ್ಲಿ ಅವನಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ. ನನಗೆ ಮದ್ದೂರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಮೀನು ಸಾಕುವ ಹುಚ್ಚು ಮೊದಲು ಹಿಡಿದದ್ದು ನನಗೆ, ಅವನಿಗೆ ಹಚ್ಚಿದವನೂ ನಾನೇ. ನಮ್ಮ ಬೀದಿಯಲ್ಲಿ ಯಾರು ಗಾಜಿನ ತೊಟ್ಟಿ ತಂದರೂ ನನ್ನನ್ನು ಕೇಳದೆ ಮೀನು ಬಿಡುತ್ತಿರಲಿಲ್ಲ. ಯಾವ ಮೀನಿನ ಜೊತೆ ಯಾವುದು ಹೊಂದುತ್ತದೆ, ಯಾವುದು ಯಾವುದನ್ನು ಕಚ್ಚುತ್ತದೆ — ಅದರಲ್ಲೂ ಸಿಕ್ಲಿಡ್ ಜಾತಿಯವು. ನೋಡಲು ಚೆಂದ, ಬುದ್ಧಿಯೂ ಜಾಸ್ತಿ, ಆದರೆ ಜಾಗಕ್ಕಾಗಿ ಜೀವ ತೆಗೆಯುತ್ತವೆ. ತೊಟ್ಟಿ ಎಷ್ಟು ಉದ್ದ, ನೀರು ಎಂಥದ್ದು, ಈಗ ಎಷ್ಟು ಮೀನಿವೆ ಎಂದೆಲ್ಲ ವಿಚಾರಿಸಿಯೇ ಹೇಳುತ್ತಿದ್ದೆ. ಆ ಒಂದು ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಇತ್ತು. ಬೇರೆ ಯಾವುದರಲ್ಲಿ ಇತ್ತು — ಇರಲಿ.

ರೂಪ ಕಿರುಗಾವಲಿನ ಹುಡುಗಿ. ಮದುವೆಯಾಗಿ ಬಂದಾಗ ಅವಳಿಗೆ ಮೀನಿನ ಗಂಧ ಗಾಳಿ ಇರಲಿಲ್ಲ. ಆದರೆ ಆ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತು ನೋಡುತ್ತಿದ್ದಳು. ಸುಮ್ಮನೆ ನೋಡುತ್ತಿದ್ದಳು, ಅಷ್ಟೇ. ವರ್ಷ ತುಂಬುವುದರೊಳಗೆ ಅವರ ಏಂಜೆಲ್ ಜೋಡಿ ಎಲೆಯ ಮೇಲೆ ಮೊಟ್ಟೆ ಇಟ್ಟು, ಮರಿ ಮಾಡಿ, ಮರಿಗಳನ್ನು ಸುತ್ತ ಕಟ್ಟಿಕೊಂಡು ಓಡಾಡತೊಡಗಿತು. ನನ್ನ ಮನೆಯ ಏಂಜೆಲ್‌ಗಳು ಹತ್ತು ವರ್ಷದಿಂದ ಇಟ್ಟ ಮೊಟ್ಟೆಯನ್ನೆಲ್ಲ ತಾವೇ ತಿಂದು ಹಾಕುತ್ತಿದ್ದವು.

ನಿಂಗರಾಜು ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ನಗುತ್ತ ಹೇಳಿದ: "ಏನೇ ಯೋಳ್ಲಾ ಪುಟ್ಸಾಮಿ, ನಮ್ ರೂಪನ್ ಕೈಲಿ ಏನೋ ಅದೆ ಕಣ್ಲಾ. ನೀನು ಬುಕ್ಕು ಓದ್ಕಂಡೇ ಕೂತ್ಕಂಡೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗಿ ನನ್ನ ತೊಟ್ಟಿಯ ಮುಂದೆ ನಿಂತಾಗ — ಆಗ ಒಳಗೆ ಏನಾಯಿತು ಎಂದು ಇವತ್ತಿಗೂ ಪೂರ್ತಿ ಹೇಳಲಾರೆ. ಹೊಟ್ಟೆಕಿಚ್ಚು ಎಂಬ ಮಾತು ಇದೆ. ಅದನ್ನೇ ಇಟ್ಟುಕೊಳ್ಳಿ.

ಅದೇ ವಾರ ರೂಪ ಕೇಳಿದಳು: "ಅಣ್ಣ, ತೊಟ್ಟೀಲಿ ಒಂಚೂರು ಕೆಂಪು ಇದ್ರೆ ಚೆಂದ ಅಲ್ವಾ? ಇವುಕ್ಕೆ ಹೊಂದ್ಕಳೋ ಅಂತ ಕೆಂಪ್ ಮೀನು ಯಾವ್ದಾರ ಅದಾ?"

ನನ್ನ ಬಳಿ ಎರಡು ಎಳೆಯ ಜ್ಯುವೆಲ್ ಮೀನುಗಳಿದ್ದವು. ಮಾಣಿಕ್ಯದಂಥ ಕೆಂಪು, ಮೈಮೇಲೆ ನೀಲಿ ಚುಕ್ಕಿ. ಏಂಜೆಲ್‌ಗಳಂತೆ ಅವೂ ಸಿಕ್ಲಿಡ್‌ಗಳೇ. ಎಳೆಯದರಲ್ಲಿ ಸಾಧು. ಬೆಳೆದು ಜೋಡಿಯಾಗಿ ಮೊಟ್ಟೆ ಇಟ್ಟವೋ, ತೊಟ್ಟಿಯಲ್ಲಿ ಬೇರೆ ಯಾವುದನ್ನೂ ಬದುಕಲು ಬಿಡುವುದಿಲ್ಲ. ಬೇರೆ ಯಾರಾದರೂ ಕೇಳಿದ್ದರೆ ಬೈದು ಕಳಿಸುತ್ತಿದ್ದೆ.

"ಹೊಂದ್ಕತವೆ, ಬುಡಮ್ಮ," ಅಂದೆ. ನಾನೇ ಕವರಿನಲ್ಲಿ ತಂದು, ನಾನೇ ಬಿಟ್ಟೆ.

ಎಲ್ಲ ಸಾಯಲಿ ಎಂದು ಬಯಸಿದ್ದೆನೇ? ಮರಿಗಳು ಮಾತ್ರ ಉಳಿಯದಿರಲಿ, ಸ್ವಲ್ಪ ಗಲಾಟೆಯಾಗಲಿ, ನಿಂಗರಾಜು ಮತ್ತೆ ನನ್ನ ಹತ್ತಿರ ಕೇಳಿಕೊಂಡು ಬರಲಿ — ಇಷ್ಟೇ ಅಂತ ಆಗ ಅಂದುಕೊಂಡಿದ್ದೆ. ಇದನ್ನು ಬರೆಯುವಾಗ ಅದೂ ಸುಳ್ಳೇನೋ ಅನ್ನಿಸುತ್ತದೆ.

ಮೂರು ತಿಂಗಳ ನಂತರ ಒಂದು ಬೆಳಿಗ್ಗೆ ಫೋನ್ ಬಂತು. ಹೋದೆ. ದೊಡ್ಡ ಏಂಜೆಲ್‌ಗಳೆರಡೂ ತೇಲುತ್ತಿದ್ದವು, ರೆಕ್ಕೆಗಳು ಚಿಂದಿಯಾಗಿದ್ದವು. ಮರಿಗಳಲ್ಲಿ ಉಳಿದಿದ್ದ ಒಂದೇ ಒಂದು ಪೈಪಿನ ಹಿಂದೆ ಮೂಲೆಗೆ ಒತ್ತಿಕೊಂಡು ಬಾಯಿ ತೆರೆಯುತ್ತಿತ್ತು. ಕೆಂಪು ಜೋಡಿ ಕಲ್ಲಿನ ಮೇಲೆ ಮೊಟ್ಟೆ ಕಾಯುತ್ತ ನಿಂತಿತ್ತು. ನೋಡಿದ ಕೂಡಲೇ ತಿಳಿಯುವಂಥದ್ದು — ತಿಳಿದವನಿಗೆ. ಆ ಮನೆಯಲ್ಲಿ ತಿಳಿದವನು ನಾನೊಬ್ಬನೇ.

"ಏನಾಯ್ತ್ಲಾ?" ಅಂದ ನಿಂಗರಾಜು. ಅವನ ಕಣ್ಣಲ್ಲಿ ನೀರಿತ್ತು.

ಹಿಂದಿನ ದಿನ ರೂಪ ಫಿನಾಯಿಲ್ ಹಾಕಿ ನೆಲ ಒರೆಸಿದ್ದಳು, ಆಮೇಲೆ ಮೀನಿಗೆ ಕಾಳು ಹಾಕಿದ್ದಳು. ಅವನ ತಾಯಿ ಚಿಕ್ಕತಾಯಮ್ಮನ ಮಾತಿನಿಂದ ಅದು ಗೊತ್ತಾಯಿತು. ನನಗೆ ಅಷ್ಟು ಸಾಕಾಗಿತ್ತು.

"ನೀರ್ಗೆ ಏನೋ ಬಿದ್ದದೆ ಕಣ್ಲಾ. ಕೈ ಸರಿಯಾಗಿ ತೊಳ್ಕಳ್ದೆ ಕಾಳು ಹಾಕವ್ರೆ," ಅಂದೆ.

ಎಲ್ಲರೂ ಅವಳ ಕೈ ನೋಡಿದರು. ಅವಳೂ ನೋಡಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಮತ್ತೆ ಕೆಂಪ್ ಮೀನ್ಗೆ ಏನೂ ಆಗಿಲ್ವಲ್ಲಣ್ಣ?"

ಅವಳಿಗೆ ಸರಿಯಾಗಿಯೇ ಕಂಡಿತ್ತು. ನಾನು ಒಪ್ಪಿಕೊಳ್ಳಲು ಅದಕ್ಕಿಂತ ದೊಡ್ಡ ಅವಕಾಶ ಮತ್ತೆ ಸಿಗಲಿಲ್ಲ.

"ಅವು ಗಟ್ಟಿ ಜಾತಿ ಕಣಮ್ಮ. ನಿನ್ಗೆ ಗೊತ್ತಾಗಲ್ಲ."

ಉಳಿಸುತ್ತೇನೆ ಎಂದು ನೆಪ ಹೇಳಿ ಆ ಜೋಡಿಯನ್ನು ಸ್ಕೂಟರಿನಲ್ಲಿ ಮನೆಗೆ ತಂದುಬಿಟ್ಟೆ. ಮೂಲೆಯ ಮರಿ ಸಂಜೆಗೆ ಸತ್ತಿತಂತೆ.

"ಇವ್ಳು ಕೈ ಇಟ್ಟಿದ್ದು ಉಳಿಯಕಿಲ್ಲ" ಎಂಬ ಮಾತನ್ನು ಮೊದಲು ಆಡಿದವರು ಚಿಕ್ಕತಾಯಮ್ಮ, ಆ ಬೆಳಿಗ್ಗೆಯೇ. ಆಮೇಲೆ ಮೊಸರು ಹುಳಿಯಾದಾಗ, ಕರಿಬೇವಿನ ಗಿಡ ಒಣಗಿದಾಗ, ಹನಕೆರೆಯಲ್ಲಿರುವ ರೂಪಳ ಚಿಕ್ಕತ್ತೆ ಮನೆಯಲ್ಲಿ ಕರು ಸತ್ತಾಗ ಅದೇ ಮಾತು — ಅವಳು ಹಿಂದಿನ ದಿನ ಅದರ ಮೈ ಸವರಿದ್ದಳಂತೆ. ನಾನು ಆ ಮನೆಯಲ್ಲಿ ಕಾಫಿ ಕುಡಿಯುತ್ತ ಇದನ್ನೆಲ್ಲ ಕೇಳಿಸಿಕೊಂಡಿದ್ದೇನೆ. ಕೇಳಿಸಿಕೊಂಡು ಲೋಟ ಕೆಳಗಿಟ್ಟು ಎದ್ದು ಬಂದಿದ್ದೇನೆ.

ಕಳೆದ ವರ್ಷ ಮಳವಳ್ಳಿಯಲ್ಲಿ ನನ್ನ ತಂಗಿಯ ಮಗುವಿಗೆ ನಾಮಕರಣ. ಹೆಂಗಸರು ಮಗುವನ್ನು ಮಡಿಲಿನಿಂದ ಮಡಿಲಿಗೆ ಕೊಡುತ್ತಿದ್ದರು. ರೂಪಳ ಸರದಿ ಬಂದಾಗ ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. "ಬ್ಯಾಡ ಕಣವ್ವ, ನನ್ ಕೈ ಅಷ್ಟು ಒಳ್ಳೇದಲ್ಲ," ಅಂದಳು. ನಗುತ್ತಲೇ ಅಂದಳು. ಪಕ್ಕದವರು ತಲೆಯಾಡಿಸಿ, ಅವಳನ್ನು ದಾಟಿಸಿ ಮಗುವನ್ನು ಮುಂದಕ್ಕೆ ಕೊಟ್ಟರು. ಯಾರಿಗೂ ಆಶ್ಚರ್ಯವಾಗಲಿಲ್ಲ.

ಆಮೇಲೆ ಎರಡು ವಾರದಲ್ಲಿ ನಿಂಗರಾಜುವಿನ ಬೀದಿಯ ತಿರುವಿನವರೆಗೆ ಹೋಗಿ ಮೂರು ಸಲ ವಾಪಸು ಬಂದೆ. ನಾಲ್ಕನೆಯ ಸಲ ಒಳಗೆ ಹೋಗಿ, ಮೂವರ ಮುಂದೆಯೂ ಎಲ್ಲ ಹೇಳಿದೆ.

ನಿಂಗರಾಜು ಮುಖ ತಿರುಗಿಸಿಕೊಂಡು ಅಂಗಡಿಗೆ ಹೊರಟುಹೋದ. ಇವತ್ತಿಗೂ ಮಾತಿಲ್ಲ. ಚಿಕ್ಕತಾಯಮ್ಮ, "ಸತ್ತೋದ್ ಮೀನ್ ವಿಸ್ಯ ಈಗ್ಯಾಕಪ್ಪ? ನಾನ್ಯಾವಾಗ ಅಂಗಂದೆ ಇವ್ಳ?" ಅಂದರು. ನಟನೆಯಲ್ಲ. ಅವರಿಗೆ ನಿಜವಾಗಿಯೂ ಮರೆತುಹೋಗಿತ್ತು.

ರೂಪ ಬಾಗಿಲ ಪಕ್ಕ ನಿಂತಿದ್ದಳು. ಅಳಲಿಲ್ಲ. "ಆವತ್ತೇ ಕೇಳುದ್ನಲ್ಲಣ್ಣ," ಅಂದಳು. ನಾನು ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ತಡೆದಳು. "ಅದು ಬ್ಯಾಡ. ಈ ನಾಕ್ ಗೋಡೆ ಒಳ್ಗೆ ಯೋಳುದ್ರೆ ನನ್ಗೇನ್ ಬಂತು? ಯಾರ್ಯಾರ್ ಮನೇಲಿ ಆ ಮಾತು ಅದೋ, ಅಲ್ಲೆಲ್ಲ ಓಗಿ ಯೋಳು. ಓಗಕ್ಕಾಗ್ದಿದ್ರೆ ಬರಿ. ನಿನ್ ಎಸ್ರು, ನನ್ ಎಸ್ರು, ಎಲ್ಲಾ ಬರಿ."

ಮೊದಲು ಕಿರುಗಾವಲಿಗೆ, ಅವಳ ತವರಿಗೆ ಹೋದೆ. ಅವಳ ತಾಯಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಸುಲಿಯುತ್ತಲೇ ಇದ್ದರು. ಆಮೇಲೆ ಕೈ ನಿಂತಿತು.

"ನಾನೂ ನಂಬ್ಬುಟ್ಟಿದ್ದೆ ಕಣಪ್ಪ," ಅಂದರು. "ತವ್ರಿಗೆ ಬಂದಾಗ ಕೋಳೀನ ಕಾವ್ಗೆ ಕೂರ್ಸಕ್ಕೆ ಓದ್ಲು. ನಾನೇ ತಡುದೆ. ನೀ ಮುಟ್ಬ್ಯಾಡ ಕಣವ್ವ ಅಂದೆ. ಎತ್ತ ತಾಯಿ ನಾನು."

ಅವರು ನನ್ನನ್ನು ಬೈಯಲಿಲ್ಲ, ಕೂರು ಎನ್ನಲಿಲ್ಲ. ಸಿಪ್ಪೆಯ ರಾಶಿ ನೋಡುತ್ತ ಕೂತುಬಿಟ್ಟರು. ನಾನು ಬಸ್ಸಿಗೆ ನಡೆದೆ.

ಹನಕೆರೆಯಲ್ಲಿ ಕರು ಸತ್ತ ಮನೆ ಬಾಕಿ ಇದೆ. ಈ ಭಾನುವಾರ ಹೋಗುತ್ತೇನೆ.